ಕೆಂಚನ ಗಾಡಿ: ಊನಗೊಂಡ ನಾಯಿಗಳ ಆರೈಕೆಯಲ್ಲಿ ಭೌತವಿಜ್ಞಾನ

ಹೆಗ್ಗಡದೇವನಕೋಟೆಗೆ ಸಮೀಪದ ಹ್ಯಾಂಡ್‌ಪೋಸ್ಟ್, ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯ ಮೇಲಿನ ಒಂದು ಕೂಡುದಾರಿ. ಬಸ್ಸುಗಳೂ ಲಾರಿಗಳೂ ಕಬಿನಿಯ ಹಿನ್ನೀರಿನ ಕಡೆಗೆ ಸಾಗುವ ಕಾರುಗಳೂ ಇಲ್ಲಿ ಹಗಲಿರುಳು ಓಡಾಡುತ್ತವೆ. ೨೦೨೨ರ ಜೂನ್ ತಿಂಗಳ ಒಂದು ಸಂಜೆ, ಅಲ್ಲಿಯ ಚಹದ ಅಂಗಡಿಯೊಂದರ ಮುಂದೆ ಮಲಗುತ್ತಿದ್ದ ಕೆಂಚ ಎಂಬ ನಾಯಿ ವಾಹನವೊಂದಕ್ಕೆ ಸಿಕ್ಕಿತು. ನಾವು ಮತ್ತು ನಮ್ಮ ಕೆಲವು ವಿದ್ಯಾರ್ಥಿಗಳು ಆಗ ಬಸ್ಸಿಗಾಗಿ ಕಾಯುತ್ತಿದ್ದೆವು. ನಾಯಿ ಸಾಯಲಿಲ್ಲ. ಮುಂಗಾಲುಗಳನ್ನೂರಿ ಎದ್ದಿತು; ಆದರೆ ನಡುವಿನಿಂದ ಹಿಂದಿನ ಭಾಗವೆಲ್ಲ ಒದ್ದೆ ಗೋಣಿಚೀಲದಂತೆ ನೆಲದ ಮೇಲೆ ಎಳೆದುಕೊಂಡು ಬಂದಿತು.

ನೆರೆದವರಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿದವು. “ಇನ್ನು ಅದು ಬದುಕಿ ಪ್ರಯೋಜನವಿಲ್ಲ, ಒಂದು ಸೂಜಿ ಹಾಕಿಸಿಬಿಡಿ” ಎಂದರು ಕೆಲವರು. “ಹೇಗಾದರೂ ಉಳಿಸಬೇಕು” ಎಂದರು ವಿದ್ಯಾರ್ಥಿಗಳು. ಅದಕ್ಕೆ ದಿನವೂ ಅನ್ನ ಹಾಕುತ್ತಿದ್ದ ಅಂಗಡಿಯ ತಾಯಿ ಮಾತ್ರ ಎರಡನ್ನೂ ಹೇಳದೆ ನಮ್ಮನ್ನು ಒಂದು ಪ್ರಶ್ನೆ ಕೇಳಿದರು: “ಅದಕ್ಕೆ ನೋವಾಯ್ತದಾ ಇಲ್ವಾ, ಅದ ಮೊದ್ಲು ಹೇಳಿ ಮೇಷ್ಟ್ರೇ.”

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಆಗ ಉತ್ತರ ತಿಳಿದಿರಲಿಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ ನಾವು ಪಶುವೈದ್ಯರಿಂದಲೂ, ಇಂಥ ನಾಯಿಗಳನ್ನು ಸಲಹುವವರಿಂದಲೂ, ನಮ್ಮದೇ ತಪ್ಪುಗಳಿಂದಲೂ ಕಲಿತ ಸಂಗತಿಗಳನ್ನು ಈ ಲೇಖನದಲ್ಲಿ ವಾಚಕರ ಮುಂದಿಡುತ್ತೇವೆ. ಊನಗೊಂಡ ಪ್ರಾಣಿಯ ಆರೈಕೆಗೆ ಕರುಣೆ ಬೇಕೇಬೇಕು. ಆದರೆ ಕರುಣೆಯಷ್ಟೇ ಸಾಲದು. ಸನ್ನೆಯ ನಿಯಮ, ಗುರುತ್ವಕೇಂದ್ರ, ಒತ್ತಡ, ಗುಪ್ತೋಷ್ಣ ಎಂದು ತರಗತಿಯಲ್ಲಿ ಓದುವ ವಿಷಯಗಳೇ ಅಲ್ಲಿ ಜೀವವನ್ನು ಉಳಿಸುವ ಸಾಧನಗಳಾಗುತ್ತವೆ.

ಹಳೆಯ ಋಣ, ಹೊಸ ಆಶ್ರಯಗಳು

ಕನ್ನಡನಾಡಿನಲ್ಲಿ ನಾಯಿಗೆ ಸಂದ ಗೌರವ ಇಂದಿನದಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೫೦ರ ಸುಮಾರಿನ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ತನ್ನ ಒಡೆಯನಾದ ಗಂಗರ ಬೂತುಗನಲ್ಲಿ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟರು.

ಸತ್ತ ನಾಯಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ, ಸಾಯದೆ ಉಳಿದ ನಾಯಿಗೆ ಏನು ಮಾಡಬೇಕು? ಭಾರತದಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಅಧಿನಿಯಮ ಜಾರಿಯಾದದ್ದು ೧೯೬೦ರಲ್ಲಿ. ಬೆಂಗಳೂರಿನಲ್ಲಿ ೧೯೯೧ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ‘ಕ್ಯೂಪಾ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ನಗರದಲ್ಲಿ ೨೦೧೩ರಲ್ಲಿ ಆರಂಭವಾದ ಇನ್ನೊಂದು ಆಶ್ರಯಕ್ಕೆ, ಮೂರೇ ಕಾಲಿನ ಚಾರ್ಲಿ ಎಂಬ ನಾಯಿಯ ಹೆಸರನ್ನೇ ಇಟ್ಟು ‘ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್’ ಎಂದು ಕರೆದರು. ಅಪಘಾತಕ್ಕೀಡಾದ, ಕಾಲು ಕಳೆದುಕೊಂಡ, ಕಣ್ಣು ಹೋದ ನಾಯಿಗಳಿಗೆ ಇಂಥ ಸ್ಥಳಗಳಲ್ಲಿ ಚಿಕಿತ್ಸೆಯೂ ನೆಲೆಯೂ ದೊರೆಯುತ್ತವೆ. ಆದರೆ ಎಲ್ಲ ನಾಯಿಗಳನ್ನೂ ಬೆಂಗಳೂರಿಗೆ ಸಾಗಿಸಲಾಗದು. ತಾಲ್ಲೂಕಿನ ಒಂದು ಅಂಗಳದಲ್ಲಿಯೂ ಇಂಥ ಆರೈಕೆ ನಡೆಯಬೇಕಾದರೆ ಅದರ ಹಿಂದಿನ ತತ್ತ್ವಗಳನ್ನು ಅರಿತಿರಬೇಕು.

ನೋವು ಉಂಟೇ, ಇಲ್ಲವೇ?

ಮೊದಲು ಸಾಗಣೆಯ ಮಾತು. ಬೆನ್ನೆಲುಬಿಗೆ ಪೆಟ್ಟು ಬಿದ್ದ ನಾಯಿಯನ್ನು ಕಂಕುಳಿಗೆ ಕೈಯಿಟ್ಟು ಎತ್ತಬಾರದು. ಎತ್ತಿದರೆ ಮುರಿದ ಮೂಳೆ ಸರಿದು, ಉಳಿದಿರುವ ಬೆನ್ನುಹುರಿಯನ್ನೂ ಕತ್ತರಿಸಬಹುದು. ಗಟ್ಟಿಯಾದ ಹಲಗೆಯ ಮೇಲೆ ಮೆಲ್ಲನೆ ಸರಿಸಿ, ಬಟ್ಟೆಯ ಪಟ್ಟಿಗಳಿಂದ ಅಲುಗದಂತೆ ಕಟ್ಟಿ ಒಯ್ಯಬೇಕು. ಸಾಧುವಾದ ನಾಯಿಯೂ ನೋವಿನಲ್ಲಿ ಕಚ್ಚುವುದುಂಟು. ಆದುದರಿಂದ ಅನುಭವವಿರುವ ಹಿರಿಯರು ಮೂತಿಗೆ ಬಟ್ಟೆ ಕಟ್ಟಿದ ನಂತರವೇ ಮುಂದುವರಿಯಬೇಕು. ಉಸಿರಾಟದ ತೊಂದರೆಯಿದ್ದರೆ ಕಟ್ಟಲೂ ಕೂಡದು. ನಾವು ಅಂಗಡಿಯ ಬೆಂಚಿನ ಹಲಗೆಯನ್ನೇ ಬಿಚ್ಚಿ ಉಪಯೋಗಿಸಿದೆವು.

ಪಶುವೈದ್ಯರು ಕೆಂಚನ ಹಿಂಗಾಲಿನ ಬೆರಳೊಂದನ್ನು ಇಕ್ಕಳದಿಂದ ಒತ್ತಿದರು. ಕಾಲು ಥಟ್ಟನೆ ಹಿಂದಕ್ಕೆ ಸರಿಯಿತು. “ನೋವು ತಿಳಿಯಿತು!” ಎಂದು ವಿದ್ಯಾರ್ಥಿಗಳು ಸಂತೋಷಪಟ್ಟರು. ವೈದ್ಯರು ತಲೆಯಾಡಿಸಿ, “ಕಾಲನ್ನು ನೋಡಬೇಡಿ, ಮುಖವನ್ನು ನೋಡಿ” ಎಂದರು. ಮತ್ತೆ ಒತ್ತಿದರು. ಕಾಲು ಸರಿಯಿತು, ಕೆಂಚ ಮಾತ್ರ ತಿರುಗಿ ನೋಡಲಿಲ್ಲ, ಕೂಗಲಿಲ್ಲ, ಎದುರಿಗಿದ್ದವರ ಕೈಯನ್ನು ಮೂಸುತ್ತಲೇ ಇತ್ತು.

ಇದಕ್ಕೆ ಕಾರಣವೇನು? ಕಾಲಿನಿಂದ ಹೊರಟ ಸಂದೇಶ ಬೆನ್ನುಹುರಿಯನ್ನು ತಲುಪುತ್ತಲೇ ಅಲ್ಲಿಂದಲೇ ಸ್ನಾಯುವಿಗೆ ಆಜ್ಞೆ ಹೋಗಿ ಕಾಲು ಹಿಂದೆ ಸರಿಯುತ್ತದೆ. ಇದು ಪರಾವರ್ತಿತ ಕ್ರಿಯೆ. ಬಿಸಿ ಪಾತ್ರೆ ಮುಟ್ಟಿದ ನಮ್ಮ ಕೈ ನಾವು ತಿಳಿಯುವ ಮೊದಲೇ ಸರಿಯುವುದೂ ಹೀಗೆಯೇ. ‘ನೋವು’ ಎಂಬ ಅನುಭವ ಉಂಟಾಗಬೇಕಾದರೆ ಅದೇ ಸಂದೇಶ ಬೆನ್ನುಹುರಿಯ ಉದ್ದಕ್ಕೂ ಏರಿ ಮಿದುಳನ್ನು ಸೇರಬೇಕು. ಕೆಂಚನಲ್ಲಿ ಆ ದಾರಿ ನಡುವೆ ಕಡಿದುಹೋಗಿತ್ತು. ಬೆರಳನ್ನು ಬಲವಾಗಿ ಒತ್ತಿದಾಗ ನಾಯಿ ನೋವನ್ನು ಗುರುತಿಸಿದರೆ, ಚಿಕಿತ್ಸೆಯಿಂದ ಅದು ಮತ್ತೆ ನಡೆಯುವ ಸಂಭವ ಹೆಚ್ಚು. ಗುರುತಿಸದಿದ್ದರೆ, ಅದೂ ಬೆನ್ನೆಲುಬು ಮುರಿದ ನಾಯಿಯಲ್ಲಿ, ಆ ಸಂಭವ ತೀರ ಕಡಿಮೆ.

ಹೀಗೆ ಅಂಗಡಿಯ ತಾಯಿಯ ಪ್ರಶ್ನೆಗೆ ಉತ್ತರ ದೊರೆಯಿತು. ಮುರಿದ ಜಾಗದ ನೋವು ಔಷಧದಿಂದಲೂ ವಿಶ್ರಾಂತಿಯಿಂದಲೂ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅದರಿಂದ ಹಿಂದಿನ ಭಾಗದಲ್ಲಿ ನೋವೇ ಇಲ್ಲ. ಇದು ಸಮಾಧಾನದ ಸುದ್ದಿಯೆಂದು ನಾವು ಭಾವಿಸಿದೆವು. ವೈದ್ಯರು ಹೇಳಿದ್ದು ಬೇರೆ: “ಅಪಾಯ ಇರುವುದೇ ಅಲ್ಲಿ. ನೋವು ಕಾವಲುಗಾರ. ಕಾವಲುಗಾರನಿಲ್ಲದ ಮನೆಯನ್ನು ನೀವು ಕಾಯಬೇಕು.”

ಈ ಮಾತಿನಲ್ಲಿ ಊನಗೊಂಡ ನಾಯಿಯ ಆರೈಕೆಯ ಸಾರವೆಲ್ಲ ಅಡಗಿದೆ. ಕಳೆದುಹೋದ ಅಂಗ ಯಾವ ಕೆಲಸವನ್ನು ಮಾಡುತ್ತಿತ್ತು ಎಂಬುದನ್ನು ತಿಳಿದು, ಆ ಕೆಲಸವನ್ನು ನಾವು ವಹಿಸಿಕೊಳ್ಳುವುದೇ ಆರೈಕೆ. ಇದನ್ನು ಒಂದೊಂದಾಗಿ ಪರಿಶೀಲಿಸೋಣ.

ಮೂರು ಕಲ್ಲಿನ ಒಲೆ

ಮೊದಲು ಸುಲಭವಾದ ಸಂದರ್ಭ: ಒಂದು ಕಾಲನ್ನು ಕಳೆದುಕೊಂಡ ನಾಯಿ. ನಿಂತ ವಸ್ತುವಿನ ಗುರುತ್ವಕೇಂದ್ರದಿಂದ ಕೆಳಕ್ಕೆ ಎಳೆದ ಲಂಬರೇಖೆ ಅದರ ಪಾದಗಳು ಆವರಿಸುವ ಕ್ಷೇತ್ರದೊಳಗೆ ಬಿದ್ದರೆ ವಸ್ತು ಬೀಳುವುದಿಲ್ಲ ಎಂಬುದನ್ನು ನೀವು ಓದಿದ್ದೀರಿ. ನಾಲ್ಕು ಕಾಲುಗಳಿದ್ದಾಗ ಆ ಕ್ಷೇತ್ರ ಒಂದು ಚತುರ್ಭುಜ, ಮೂರಾದಾಗ ತ್ರಿಭುಜ. ಮೂರು ಕಲ್ಲಿನ ಒಲೆ ಎಂಥ ಏರುತಗ್ಗಿನ ನೆಲದಲ್ಲಿಯೂ ಕುಲುಕದು. ಆದುದರಿಂದ ಮೂರು ಕಾಲಿನ ನಾಯಿ ನಿಲ್ಲಬಲ್ಲದು ಎಂಬುದರಲ್ಲಿ ಆಶ್ಚರ್ಯವಿಲ್ಲ. ಯಾವ ಕಾಲು ಹೋಯಿತು ಎಂಬುದು ಮಾತ್ರ ಮುಖ್ಯ.

ನಾಯಿಯ ತಲೆ, ಕತ್ತು, ಎದೆ ಮುಂದಿರುವುದರಿಂದ ಅದರ ತೂಕದ ಸುಮಾರು ನೂರಕ್ಕೆ ಅರವತ್ತು ಭಾಗ ಮುಂಗಾಲುಗಳ ಮೇಲೂ, ನಲವತ್ತು ಭಾಗ ಹಿಂಗಾಲುಗಳ ಮೇಲೂ ಬೀಳುತ್ತದೆ. ಹದಿನೈದು ಕಿಲೋಗ್ರಾಂ ತೂಗುವ ನಾಯಿಯಲ್ಲಿ ಮುಂದೆ ೯, ಹಿಂದೆ ೬. ಅಂದರೆ ಒಂದೊಂದು ಮುಂಗಾಲೂ ೪.೫ ಕಿಲೋ ಹೊರುತ್ತದೆ, ಒಂದೊಂದು ಹಿಂಗಾಲು ೩ ಕಿಲೋ. ಹಿಂಗಾಲು ಹೋದರೆ ನಷ್ಟ ಕಡಿಮೆ. ಮುಂಗಾಲು ಹೋದರೆ ಉಳಿದ ಒಂದೇ ಮುಂಗಾಲು ದೇಹದ ತೂಕದ ಅರ್ಧದ ಸಮೀಪ, ಅಂದರೆ ಏಳು ಕಿಲೋ, ಹೊರಬೇಕಾಗುತ್ತದೆ. ಆಗ ನಾಯಿ ಯಾರೂ ಕಲಿಸದೆ ಆ ಪಾದವನ್ನು ಎದೆಯ ನಡುವಿಗೆ ತಂದು ಊರುತ್ತದೆ. ತ್ರಿಭುಜದ ತುದಿ ದೇಹದ ಮಧ್ಯರೇಖೆಗೆ ಬರುತ್ತದೆ. ಗಣಿತವನ್ನು ಓದದ ಪ್ರಾಣಿ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತದೆ.

ಇಲ್ಲಿ ನಾವು ವಹಿಸಿಕೊಳ್ಳಬೇಕಾದ ಕೆಲಸವೇನು? ಆ ಕಾಲಿನ ಮೇಲಿನ ಭಾರವನ್ನು ಹೆಚ್ಚಿಸದಿರುವುದು. ಮರುಕದಿಂದ ಹೆಚ್ಚು ತಿನ್ನಿಸಿ ಕೊಬ್ಬಿಸಿದರೆ, ಏರಿದ ಪ್ರತಿಯೊಂದು ಕಿಲೋದ ಅರ್ಧ ಭಾಗ ಆ ಒಂದೇ ಕೀಲಿನ ಮೇಲೆ ಬೀಳುತ್ತದೆ. ನುಣುಪಾದ ಟೈಲ್ಸ್ ನೆಲದಲ್ಲಿ ಘರ್ಷಣೆ ಸಾಲದೆ ಪಾದ ಜಾರುತ್ತದೆ. ಗೋಣಿತಾಟನ್ನೋ ಚಾಪೆಯನ್ನೋ ಹಾಸಬೇಕು. ಉಗುರುಗಳನ್ನು ಕಾಲಕಾಲಕ್ಕೆ ಕತ್ತರಿಸಬೇಕು. ಇಷ್ಟು ಮಾಡಿದರೆ ಮೂರು ಕಾಲಿನ ನಾಯಿ ನಾಲ್ಕು ಕಾಲಿನದರ ಜೊತೆಗೇ ಓಡುತ್ತದೆ.

ಗಾಡಿಯೂ ಸನ್ನೆಯೂ

ಕೆಂಚನದು ಇದಕ್ಕಿಂತ ಕಠಿಣವಾದ ಸಂದರ್ಭ. ಎರಡು ಹಿಂಗಾಲುಗಳೂ ಸೋತಿದ್ದವು. ಎಳೆದುಕೊಂಡು ಹೋದರೆ ಪಾದದ ಮೇಲ್ಭಾಗ ನೆಲಕ್ಕೆ ಉಜ್ಜಿ, ಚರ್ಮ ಸವೆದು, ಮೂಳೆ ಕಾಣುವವರೆಗೂ ಗಾಯವಾಗುತ್ತದೆ. ನಾಯಿಗೆ ತಿಳಿಯುವುದೂ ಇಲ್ಲ. ಇದಕ್ಕೆ ಪರಿಹಾರವೆಂದರೆ ಸೊಂಟವನ್ನು ಎತ್ತಿ ಹಿಡಿಯುವ ಎರಡು ಚಕ್ರದ ಗಾಡಿ. ವೈದ್ಯರು ಹೇಳಿದ ವಾರಗಳ ವಿಶ್ರಾಂತಿ ಮುಗಿದು ಬೆನ್ನೆಲುಬು ಗಟ್ಟಿಯಾದ ಮೇಲೆ ಅದನ್ನು ನಾವೇ ಮಾಡುವೆವೆಂದು ಹೊರಟೆವು.

ನಮ್ಮ ಮೊದಲನೆಯ ಗಾಡಿ ವಿಫಲವಾಯಿತು. ಬಲವಾಗಿರಲಿ ಎಂದು ಕಬ್ಬಿಣದ ಪೈಪಿನಿಂದ ಮಾಡಿಸಿದ್ದೆವು. ಕಾಲುಗಳಿಗೆ ತಾಗದಿರಲಿ ಎಂದು ಚಕ್ರಗಳನ್ನು ಸೊಂಟಕ್ಕಿಂತ ಹಿಂದೆ ಇಟ್ಟಿದ್ದೆವು. ಕೆಂಚ ಹತ್ತು ಹೆಜ್ಜೆ ನಡೆದು ನಿಂತುಬಿಟ್ಟಿತು. ಎರಡನೆಯ ದಿನ ಅದರ ಹೆಗಲಿನಲ್ಲಿ ಚರ್ಮ ಕೆಂಪಾಗಿತ್ತು. “ಸೋಮಾರಿ ನಾಯಿ” ಎಂದ ಒಬ್ಬ ವಿದ್ಯಾರ್ಥಿ. ತಪ್ಪು ನಾಯಿಯದಾಗಿರಲಿಲ್ಲ. ಸನ್ನೆಯ ನಿಯಮವನ್ನು ವರ್ಷವರ್ಷವೂ ಬೋಧಿಸುತ್ತಿದ್ದ ನಾವು ಅದನ್ನು ಅನ್ವಯಿಸಲು ಮರೆತಿದ್ದೆವು.

ಲೆಕ್ಕವನ್ನು ನೋಡೋಣ. ಕೆಂಚನ ತೂಕ ೧೫ ಕಿಲೋ. ಮುಂಗಾಲಿನಿಂದ ಸೊಂಟಕ್ಕೆ ೫೦ ಸೆಂಟಿಮೀಟರು. ಗುರುತ್ವಕೇಂದ್ರ ಮುಂಗಾಲಿನಿಂದ ೨೦ ಸೆಂ.ಮೀ. ಹಿಂದೆ. ಮುಂಗಾಲನ್ನು ಆನಿಕೆಯೆಂದು ತೆಗೆದುಕೊಂಡರೆ, ಚಕ್ರದ ಮೇಲಿನ ಭಾರ × ಚಕ್ರದ ದೂರ = ೧೫ × ೨೦ = ೩೦೦. ಈಗ ಚಕ್ರವನ್ನು ಬೇರೆ ಬೇರೆ ಸ್ಥಳಗಳಲ್ಲಿ ಇಟ್ಟು ನೋಡೋಣ.

ಚಕ್ರ ಸರಿಯಾಗಿ ಸೊಂಟದ ಕೆಳಗೆ, ೫೦ ಸೆಂ.ಮೀ. ದೂರದಲ್ಲಿದ್ದರೆ ಅದರ ಮೇಲೆ ೬ ಕಿಲೋ, ಮುಂಗಾಲುಗಳ ಮೇಲೆ ೯ ಕಿಲೋ. ಇದು ಆರೋಗ್ಯವಂತ ನಾಯಿಯಲ್ಲಿರುವಂತೆಯೇ.

ನಾವು ಇಟ್ಟದ್ದು ೬೦ ಸೆಂ.ಮೀ. ದೂರದಲ್ಲಿ. ಚಕ್ರದ ಮೇಲೆ ೫ ಕಿಲೋ. ಮುಂಗಾಲುಗಳ ಮೇಲೆ ೧೦. ಇಷ್ಟೇ ಅಲ್ಲ. ಗಾಡಿಯ ತೂಕ ೪ ಕಿಲೋ. ಅದರ ಗುರುತ್ವಕೇಂದ್ರ ಚಕ್ರಕ್ಕೂ ಹೆಗಲಿಗೂ ನಟ್ಟನಡುವೆ ಇದ್ದುದರಿಂದ ಅದರಲ್ಲಿ ಅರ್ಧ, ಅಂದರೆ ೨ ಕಿಲೋ, ಹೆಗಲಿನ ಪಟ್ಟಿಯ ಮೂಲಕ ಮುಂಗಾಲುಗಳಿಗೇ ಬಿತ್ತು. ಒಟ್ಟು ೧೨ ಕಿಲೋ. ೯ ಕಿಲೋ ಹೊರುತ್ತಿದ್ದ ಕಾಲುಗಳಿಗೆ ಮೂರನೆಯ ಒಂದು ಭಾಗ ಹೆಚ್ಚಿನ ಹೊರೆ! ಹತ್ತೇ ಹೆಜ್ಜೆಗೆ ನಿಂತದ್ದರಲ್ಲಿ ವಿಸ್ಮಯವೇನಿದೆ?

ಇದನ್ನು ಕಂಡ ವಿದ್ಯಾರ್ಥಿಗಳು ಚಕ್ರವನ್ನು ಮುಂದಕ್ಕೆ ತಂದಷ್ಟೂ ಒಳ್ಳೆಯದೆಂದು ಭಾವಿಸಿ ೨೫ ಸೆಂ.ಮೀ. ದೂರಕ್ಕೆ ತರಲು ಹೊರಟರು. ಆಗ ಚಕ್ರದ ಮೇಲೆ ೧೨, ಮುಂಗಾಲುಗಳ ಮೇಲೆ ಬರಿಯ ೩ ಕಿಲೋ. ಭಾರ ಹಗುರವಾಯಿತು, ನಿಜ. ಆದರೆ ನೆಲವನ್ನು ಒತ್ತುವ ಬಲ ಕಡಿಮೆಯಾದಂತೆ ಘರ್ಷಣೆಯೂ ಕಡಿಮೆಯಾಗಿ ಪಾದಕ್ಕೆ ಹಿಡಿತ ಸಿಗುವುದಿಲ್ಲ. ಅದಕ್ಕಿಂತಲೂ ದೊಡ್ಡ ಅಪಾಯ ಏರುದಾರಿಯಲ್ಲಿದೆ. ಗುರುತ್ವಕೇಂದ್ರ ನೆಲದಿಂದ ೩೦ ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಆರಕ್ಕೆ ಒಂದರಷ್ಟು ಏರಿರುವ ಇಳಿಜಾರಿನಲ್ಲಿ ಅದರ ಲಂಬರೇಖೆ ೩೦ರ ಆರನೆಯ ಒಂದು ಭಾಗ, ಅಂದರೆ ೫ ಸೆಂ.ಮೀ., ಹಿಂದಕ್ಕೆ ಸರಿಯುತ್ತದೆ. ಗುರುತ್ವಕೇಂದ್ರಕ್ಕೂ ಚಕ್ರಕ್ಕೂ ಇದ್ದ ಅಂತರವೂ ೫ ಸೆಂ.ಮೀ. ಮಾತ್ರ. ಇನ್ನು ಸ್ವಲ್ಪ ಏರಿದರೆ ನಾಯಿ ಗಾಡಿಯೊಡನೆ ಹಿಂದಕ್ಕೆ ಮಗುಚುತ್ತದೆ. ಹೆಗ್ಗಡದೇವನಕೋಟೆಯ ಕಡೆ ಸಮತಟ್ಟಾದ ದಾರಿಯನ್ನು ಎಷ್ಟು ದೂರ ಹುಡುಕುವುದು?

ಕೊನೆಗೆ ಪಿ.ವಿ.ಸಿ. ಪೈಪಿನಿಂದ ಒಂದೂವರೆ ಕಿಲೋ ತೂಕದ ಹೊಸ ಗಾಡಿಯನ್ನು ಮಾಡಿ, ಅದರ ತೂಕ ಅಚ್ಚಿನ ಮೇಲೆಯೇ ಸಮತೋಲವಾಗುವಂತೆ ಜೋಡಿಸಿ, ಚಕ್ರವನ್ನು ೪೫ ಸೆಂ.ಮೀ. ದೂರದಲ್ಲಿ ನಿಲ್ಲಿಸಿದೆವು. ಚಕ್ರದ ಮೇಲೆ ನಾಯಿಯ ತೂಕದಲ್ಲಿ ಸುಮಾರು ೬.೭ ಕಿಲೋ, ಮುಂಗಾಲುಗಳ ಮೇಲೆ ೮.೩. ಕೆಂಚ ಮೊದಲು ಸುಮ್ಮನೆ ನಿಂತಿತು. ಆಮೇಲೆ ಎರಡು ಹೆಜ್ಜೆ. ಆಮೇಲೆ ಅಂಗಡಿಯ ಮುಂದಿನಿಂದ ಹುಣಿಸೆಮರದವರೆಗೆ ಓಡಿಯೇಬಿಟ್ಟಿತು. ಗಾಡಿಯಲ್ಲಿ ನಾಯಿ ಮಲಗಲಾರದು. ಆದುದರಿಂದ ಆರಂಭದಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅದರಲ್ಲಿ ಇರಿಸಬಾರದು. ಯಾರೂ ಇಲ್ಲದಾಗ ಕಟ್ಟಿ ಹೋಗಲೇಬಾರದು.

ಮಲಗಿದ ನಾಯಿಯ ಮೇಲಿನ ಒತ್ತಡ

ಗಾಡಿ ಎಲ್ಲರ ಕಣ್ಣಿಗೂ ಕಾಣುವ ಆರೈಕೆ. ಆದರೆ ದಿನದ ಇಪ್ಪತ್ಮೂರು ಗಂಟೆಗಳಷ್ಟು ಕಾಲ ನಾಯಿ ಗಾಡಿಯ ಹೊರಗಿರುತ್ತದೆ. ಅದರ ಅಳಿವು ಉಳಿವು ನಿರ್ಧಾರವಾಗುವುದು ಆ ಗಂಟೆಗಳಲ್ಲಿ.

ಒತ್ತಡವೆಂದರೆ ಬಲವನ್ನು ಕ್ಷೇತ್ರದಿಂದ ಭಾಗಿಸಿದ ಮೊತ್ತ. ಸಿಮೆಂಟಿನ ನೆಲದ ಮೇಲೆ ಒಂದೇ ಮಗ್ಗುಲಾಗಿ ಮಲಗಿದ ನಾಯಿಯ ಸೊಂಟದ ಮೂಳೆ ೨ ಕಿಲೋ ಭಾರವನ್ನು ೪ ಚದರ ಸೆಂ.ಮೀ. ಚರ್ಮದ ಮೂಲಕ ನೆಲಕ್ಕೆ ಒತ್ತುತ್ತದೆ ಎನ್ನೋಣ. ಒತ್ತಡ ಚದರ ಸೆಂ.ಮೀ.ಗೆ ಅರ್ಧ ಕಿಲೋ. ಪಾದರಸದ ಲೆಕ್ಕದಲ್ಲಿ ಸುಮಾರು ೩೭೦ ಮಿಲಿಮೀಟರು. ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡವಾದರೋ ಸುಮಾರು ೩೦ ಮಿಲಿಮೀಟರು ಮಾತ್ರ. ಹೊರಗಿನ ಒತ್ತಡ ಒಳಗಿನದಕ್ಕಿಂತ ಹನ್ನೆರಡು ಪಟ್ಟು! ನಾಳಗಳು ಮುಚ್ಚಿಹೋಗಿ, ರಕ್ತವಿಲ್ಲದೆ ಮಾಂಸ ಸಾಯತೊಡಗುತ್ತದೆ. ನಾವಾದರೆ ನಿದ್ದೆಯಲ್ಲಿಯೂ ನೋವು ತಿಳಿದು ಹೊರಳುತ್ತೇವೆ. ಕೆಂಚನಿಗೆ ನೋವು ತಿಳಿಯದು. ಹೊರಳುವ ಶಕ್ತಿಯೂ ಇಲ್ಲ.

ಪರಿಹಾರ ಎರಡು. ಮೊದಲನೆಯದು ಕ್ಷೇತ್ರವನ್ನು ಹೆಚ್ಚಿಸುವುದು. ಒಣಹುಲ್ಲು ತುಂಬಿದ ದಪ್ಪ ಮೆತ್ತೆಯ ಮೇಲೆ ಅದೇ ೨ ಕಿಲೋ ೧೬೦ ಚದರ ಸೆಂ.ಮೀ.ಗೆ ಹರಡಿದರೆ ಒತ್ತಡ ೯ ಮಿಲಿಮೀಟರಿಗೆ ಇಳಿಯುತ್ತದೆ. ಇವು ಒರಟು ಲೆಕ್ಕಗಳು. ಆದರೂ ದಾರಿಯನ್ನು ತೋರಿಸುತ್ತವೆ. ಎರಡನೆಯದು ಕಾಲವನ್ನು ಕಡಿಮೆ ಮಾಡುವುದು: ಎರಡರಿಂದ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಸೇರಿ. ಅಂಗಡಿಯ ತಾಯಿಯೂ ಅವರ ಮಗನೂ ಸರದಿಯಲ್ಲಿ ಎದ್ದು ಇದನ್ನು ನಡೆಸಿದರು.

ಇದಲ್ಲದೆ ಸೋತ ಭಾಗದ ಚರ್ಮವನ್ನು ದಿನಕ್ಕೆರಡು ಸಲ ಬೆಳಕಿನಲ್ಲಿ ಪರೀಕ್ಷಿಸಬೇಕು. ಗಾಯದ ಮೇಲೆ ನೊಣ ಕುಳಿತು ಇಟ್ಟ ಮೊಟ್ಟೆಗಳು ಒಂದೇ ದಿನದೊಳಗೆ ಹುಳುಗಳಾಗಬಲ್ಲವು. ಬೆಳಿಗ್ಗೆ ಕಾಣದ ಹುಳು ಮರುದಿನ ಮಾಂಸವನ್ನು ಕೊರೆಯುತ್ತಿರುತ್ತದೆ.

ಮೂತ್ರಕೋಶ, ಬಿಸಿಲು

ಬೆನ್ನುಹುರಿ ಕಡಿದ ನಾಯಿಗೆ ಮೂತ್ರಕೋಶದ ಹತೋಟಿಯೂ ತಪ್ಪುತ್ತದೆ. ಮೂತ್ರ ತುಂಬಿ ನಿಂತರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಸೋಂಕು ಮೂತ್ರಪಿಂಡಗಳಿಗೆ ಏರುತ್ತದೆ. ತುಂಬಿ ಹರಿದರೆ ಚರ್ಮ ಸದಾ ಒದ್ದೆಯಾಗಿ ಬೇಯುತ್ತದೆ. ಆದುದರಿಂದ ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆಯ ಮೇಲೆ ಕೈಯಿಟ್ಟು, ಮೂತ್ರಕೋಶವನ್ನು ಹುಡುಕಿ, ಮೆಲ್ಲಗೆ ಒತ್ತಿ ಬರಿದು ಮಾಡಬೇಕು. ಇದನ್ನು ಪುಸ್ತಕದಿಂದ ಕಲಿಯಲಾಗದು. ಪಶುವೈದ್ಯರ ಎದುರಿನಲ್ಲಿ ಅವರ ಕೈಯ ಮೇಲೆ ಕೈಯಿಟ್ಟು ಕಲಿಯಬೇಕು. ಬಲವಾಗಿ ಒತ್ತಿದರೆ ಕೋಶವೇ ಒಡೆಯಬಹುದು. ಮೂತ್ರದಲ್ಲಿ ರಕ್ತವಾಗಲಿ ಹೊಸ ದುರ್ವಾಸನೆಯಾಗಲಿ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ಬಿಸಿಲಿನ ವಿಷಯವೂ ಅಷ್ಟೇ ಮುಖ್ಯ. ನಾಯಿಯ ದೇಹದ ಉಷ್ಣತೆ ೩೮ರಿಂದ ೩೯ ಡಿಗ್ರಿ ಸೆಂಟಿಗ್ರೇಡ್. ೪೧ನ್ನು ದಾಟಿದರೆ ಪ್ರಾಣಾಪಾಯ. ನಮ್ಮಂತೆ ಅದು ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುತ್ತ, ಬಾಯಿ ಮತ್ತು ಶ್ವಾಸಮಾರ್ಗದ ನೀರನ್ನು ಆವಿಯಾಗಿಸಿ ಮೈಯನ್ನು ತಣಿಸಿಕೊಳ್ಳುತ್ತದೆ. ದೇಹದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಗುಪ್ತೋಷ್ಣ ಬೇಕು. ದೇಹದ ವಿಶಿಷ್ಟೋಷ್ಣವನ್ನು ೦.೮೩ ಎಂದು ತೆಗೆದುಕೊಂಡರೆ, ಕೆಂಚನ ೧೫ ಕಿಲೋ ದೇಹವನ್ನು ಒಂದು ಡಿಗ್ರಿ ತಣಿಸಲು ಸುಮಾರು ೧೨,೪೫೦ ಕ್ಯಾಲೊರಿ ಹೊರಹೋಗಬೇಕು. ಇಪ್ಪತ್ತೊಂದು ಗ್ರಾಂ ನೀರು ಆವಿಯಾದರೆ ಸಾಕು. ಬಾಯಾರಿದ ನಾಯಿಗೆ ಆ ನೀರು ಎಲ್ಲಿಂದ ಬರಬೇಕು? ಆರೋಗ್ಯವಂತ ನಾಯಿ ನೆರಳು ಸರಿದಂತೆ ತಾನೂ ಸರಿಯುತ್ತದೆ. ಸೋತ ನಾಯಿ ಬೆಳಿಗ್ಗೆ ಮಲಗಿಸಿದಲ್ಲಿಯೇ ಮಧ್ಯಾಹ್ನದ ಬಿಸಿಲಿಗೆ ಸಿಕ್ಕುತ್ತದೆ. ಸೂರ್ಯನ ಚಲನೆಯನ್ನು ಗಮನಿಸಿ ಹಾಸಿಗೆಯನ್ನು ಹಾಕುವುದೂ, ನೀರಿನ ಪಾತ್ರೆಯನ್ನು ಮೂತಿಗೆ ಎಟಕುವಲ್ಲಿ ಇಡುವುದೂ ಆರೈಕೆಯೇ.

ಕಣ್ಣು ಹೋದವು, ಕಿವಿ ಹೋದವು

ಕುರುಡು ನಾಯಿಯನ್ನು ಕಂಡು ನಾವು ಹೆಚ್ಚು ಮರುಗುತ್ತೇವೆ. ನಾಯಿಯ ಲೋಕದಲ್ಲಿ ಕಣ್ಣಿಗಿಂತ ಮೂಗು ದೊಡ್ಡದು. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಜೀವಕೋಶಗಳು ಸುಮಾರು ಐವತ್ತು ಅರವತ್ತು ಲಕ್ಷಗಳಷ್ಟಿದ್ದರೆ ನಾಯಿಯಲ್ಲಿ ಇಪ್ಪತ್ತು ಕೋಟಿಗೂ ಮಿಕ್ಕಿವೆ. ಕಿವಿಯೂ ಚುರುಕು: ನಾವು ಸೆಕೆಂಡಿಗೆ ೨೦,೦೦೦ ಕಂಪನಗಳವರೆಗೆ ಕೇಳಿದರೆ ಅದು ಸುಮಾರು ೪೫,೦೦೦ದವರೆಗೆ ಕೇಳುತ್ತದೆ. ವಾಸನೆ ಮತ್ತು ಶಬ್ದಗಳಿಂದ ಅದು ಮನೆಯ ನಕ್ಷೆಯನ್ನು ಮನಸ್ಸಿನಲ್ಲಿ ರಚಿಸಿಕೊಳ್ಳುತ್ತದೆ. ಆ ನಕ್ಷೆಯನ್ನು ನಾವು ಕೆಡಿಸದಿದ್ದರೆ ಸಾಕು. ಊಟದ ತಟ್ಟೆ, ನೀರು, ಹಾಸಿಗೆಗಳು ಇದ್ದಲ್ಲಿಯೇ ಇರಬೇಕು. ಮೆಟ್ಟಿಲಿನ ಮುಂದೆ ಒರಟು ಚಾಪೆ ಹಾಸಿದರೆ ಪಾದವೇ ಎಚ್ಚರಿಕೆಯನ್ನು ಓದುತ್ತದೆ.

ಕಿವುಡು ನಾಯಿಗೆ ಕೈಸನ್ನೆಗಳನ್ನು ಕಲಿಸಬಹುದು. ಅದು ಮಲಗಿರುವಾಗ ಥಟ್ಟನೆ ಮುಟ್ಟಿದರೆ ಬೆಚ್ಚಿ ಕಚ್ಚಬಹುದು; ಮೊದಲು ಸಮೀಪದಲ್ಲಿ ನೆಲವನ್ನು ತಟ್ಟಬೇಕು. ಗಾಳಿಯಲ್ಲಿ ಕೇಳದ ಕಂಪನ ನೆಲದ ಮೂಲಕ ಅದರ ಮೈಗೆ ತಲುಪುತ್ತದೆ.

ಕಾಡಿನ ಅಂಚಿನಲ್ಲಿ ಒಂದು ಹೆಚ್ಚಿನ ಹೊಣೆ

ಹೆಗ್ಗಡದೇವನಕೋಟೆ ತಾಲ್ಲೂಕು ನಾಗರಹೊಳೆ, ಬಂಡೀಪುರಗಳ ಕಾಡುಗಳಿಗೆ ಅಂಟಿಕೊಂಡಿದೆ. ಇಲ್ಲಿ ನಾಯಿಗಳನ್ನು ಸಲಹುವವರಿಗೆ ಎರಡು ಹೊಣೆಗಳು ಹೆಚ್ಚು. ಓಡಲಾರದ ನಾಯಿ ಚಿರತೆಗೆ ಸುಲಭವಾದ ಬೇಟೆ. ಕತ್ತಲಾಗುವ ಮುನ್ನ ಅದನ್ನು ಭದ್ರವಾದ ಬಾಗಿಲಿನ ಒಳಗೆ ಸೇರಿಸಬೇಕು. ಎರಡನೆಯದು ರೋಗ. ಡಿಸ್ಟೆಂಪರ್ ಎಂಬ ವೈರಸ್ ರೋಗ ಅನೇಕ ನಾಯಿಗಳನ್ನು ಕೊಲ್ಲುತ್ತದೆ. ಬದುಕಿ ಉಳಿದವುಗಳಲ್ಲಿ ಕೆಲವಕ್ಕೆ ಕಾಲು ಸೆಳೆತ, ನಡುಕಗಳು ಜೀವನಪರ್ಯಂತ ಉಳಿಯುತ್ತವೆ. ಆಶ್ರಯಗಳಿಗೆ ಬರುವ ಊನಗೊಂಡ ನಾಯಿಗಳಲ್ಲಿ ಇಂಥವೂ ಉಂಟು. ಈ ರೋಗ ಕಾಡಿಗೂ ಹಬ್ಬಬಲ್ಲದು. ೧೯೯೪ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸಿಂಹಗಳ ಮೂರನೆಯ ಒಂದು ಭಾಗದಷ್ಟು ಇದರಿಂದ ಅಳಿದವು. ೨೦೧೮ರಲ್ಲಿ ನಮ್ಮ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವೈರಸ್ ಪತ್ತೆಯಾಯಿತು. ಸೀಳುನಾಯಿಗಳಿರುವ ನಾಗರಹೊಳೆಯ ಅಂಚಿನಲ್ಲಿ ನಾಯಿಗಳಿಗೆ ಲಸಿಕೆ ಹಾಕಿಸುವುದು ಕಾಡಿಗೂ ಬೇಲಿ ಕಟ್ಟಿದಂತೆ. ಹೊಸದಾಗಿ ಬಂದ ನಾಯಿಯನ್ನು ಮೊದಲ ಕೆಲವು ವಾರ ಬೇರೆಯೇ ಇರಿಸಬೇಕು.

ಹುಚ್ಚುನಾಯಿ ರೋಗದ ವಿಷಯವನ್ನು ವಿದ್ಯಾರ್ಥಿಗಳು ಎಂದೂ ಮರೆಯಬಾರದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲವೆಂದೇ ಹೇಳಬೇಕು. ಕಚ್ಚಿದರೆ ಅಥವಾ ಪರಚಿದರೆ ಕೂಡಲೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ನಾಯಿಯ ಮೇಲಿನ ಮಮತೆ ಈ ಎಚ್ಚರಿಕೆಯನ್ನು ಮರೆಸಕೂಡದು.

ಉಳಿಸುವುದೇ ಯಾವಾಗಲೂ ಸರಿಯೇ?

ಎಲ್ಲ ನಾಯಿಗಳನ್ನೂ ಉಳಿಸಬೇಕೆಂದು ನಾವು ಹೇಳುವುದಿಲ್ಲ. ನೋವನ್ನು ಔಷಧದಿಂದ ತಗ್ಗಿಸಲಾಗದಿದ್ದರೆ, ಅದು ತಿನ್ನುವುದನ್ನೂ ಜನರನ್ನು ಗುರುತಿಸುವುದ���್ನೂ ಬಿಟ್ಟಿದ್ದರೆ, ಬದುಕಿಸುವುದು ನಮ್ಮ ಸಮಾಧಾನಕ್ಕೆ ಮಾತ್ರ ಆದೀತು. ೨೦೨೩ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳೂ ಗುಣವಾಗದ ರೋಗಕ್ಕೆ ಅಥವಾ ಮಾರಣಾಂತಿಕ ಗಾಯಕ್ಕೆ ಈಡಾದ ಬೀದಿನಾಯಿಗೆ, ಅರ್ಹ ಪಶುವೈದ್ಯರ ಕೈಯಿಂದ ನೋವಿಲ್ಲದ ಮರಣವನ್ನು ಒಪ್ಪುತ್ತವೆ. ಆದರೆ ಈ ನಿರ್ಧಾರವನ್ನು ರಸ್ತೆಯ ಬದಿಯಲ್ಲಿ ನಿಂತ ಗುಂಪು ಮಾಡಬಾರದು. ಪರೀಕ್ಷೆಯಿಂದ ತಿಳಿದ ಸಂಗತಿ ಮಾಡಬೇಕು. ಅದಲ್ಲದೆ ಹೊಣೆ ಹೊರುವವರು ಇದ್ದಾರೆಯೇ ಎಂದೂ ಕೇಳಿಕೊಳ್ಳಬೇಕು. ಮಗ್ಗುಲು ಬದಲಿಸಲು ರಾತ್ರಿ ಏಳುವವರಿಲ್ಲದಿದ್ದರೆ ಗಾಡಿಯನ್ನು ಮಾಡಿ ಪ್ರಯೋಜನವಿಲ್ಲ.

ಕೆಂಚ ಗಾಡಿಯೊಡನೆ ಎರಡು ವರ್ಷಗಳಿಗೂ ಮೀರಿ ಬದುಕಿತು. ಬೆಳಿಗ್ಗೆ ಅಂಗಡಿಯ ಮುಂದೆ, ಸಂಜೆ ಹುಣಿಸೆಮರದವರೆಗೆ. ಬಸ್ಸಿನ ಚಾಲಕರೂ ಅದರ ಹೆಸರನ್ನು ಅರಿತಿದ್ದರು. ೨೦೨೪ರ ಮಳೆಗಾಲದಲ್ಲಿ ಮೂತ್ರಪಿಂಡಗಳಿಗೆ ಸೋಂಕು ಏರಿ, ಚಿಕಿತ್ಸೆ ಫಲಿಸದೆ ತೀರಿಕೊಂಡಿತು. ಅಂಗಡಿಯ ತಾಯಿ ಗಾಡಿಯನ್ನು ತೊಳೆದು ಗೋಡೆಗೆ ತೂಗುಹಾಕಿದರು. ನಮ್ಮ ವಿದ್ಯಾರ್ಥಿಗಳು ಅದನ್ನು ಇಳಿಸಿ, ಅಚ್ಚನ್ನು ಹಿಂದೆ ಮುಂದೆ ಸರಿಸಲು ಸಾಧ್ಯವಾಗುವಂತೆ ಪೈಪಿನಲ್ಲಿ ಸಾಲಾಗಿ ರಂಧ್ರಗಳನ್ನು ಕೊರೆದು, ಪ್ರತಿಯೊಂದರ ಪಕ್ಕದಲ್ಲಿಯೂ ಸೆಂಟಿಮೀಟರಿನ ಗುರುತನ್ನು ಬರೆದು, ಮತ್ತೆ ಅಲ್ಲಿಯೇ ತೂಗುಹಾಕಿದ್ದಾರೆ. ಮುಂದಿನ ನಾಯಿಯ ಅಳತೆ ಬೇರೆ ಇರುತ್ತದೆಯಲ್ಲವೆ?

ಅಭ್ಯಾಸ

೧. ನಿಮ್ಮ ಮನೆಯ ಆರೋಗ್ಯವಂತ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಅನಂತರ ನಿಮ್ಮ ತೂಕವನ್ನು ಕಳೆದು ಅದರ ತೂಕವನ್ನು ಕಂಡುಹಿಡಿಯಿರಿ. ಬಳಿಕ ಮುಂಗಾಲುಗಳನ್ನು ಮಾತ್ರ ಯಂತ್ರದ ಮೇಲೂ, ಹಿಂಗಾಲುಗಳನ್ನು ಅಷ್ಟೇ ಎತ್ತರದ ಹಲಗೆಯ ಮೇಲೂ ನಿಲ್ಲಿಸಿ ತೂಗಿರಿ. ಈ ಎರಡು ತೂಕಗಳಿಂದಲೂ ಕಾಲುಗಳ ನಡುವಿನ ದೂರದಿಂದಲೂ ಗುರುತ್ವಕೇಂದ್ರವನ್ನು ಲೆಕ್ಕಹಾಕಿರಿ.

೨. ಹನ್ನೆರಡು ಕಿಲೋ ತೂಗುವ ನಾಯಿಯೊಂದರ ಗುರುತ್ವಕೇಂದ್ರ ಮುಂಗಾಲಿನಿಂದ ೧೮ ಸೆಂ.ಮೀ. ಹಿಂದಿದೆ. ಮುಂಗಾಲುಗಳ ಮೇಲೆ ೬.೬ ಕಿಲೋ ಭಾರ ಮಾತ್ರ ಬೀಳಬೇಕಾದರೆ ಗಾಡಿಯ ಚಕ್ರವನ್ನು ಎಷ್ಟು ದೂರದಲ್ಲಿ ಇಡಬೇಕು? ಗಾಡಿಯ ತೂಕ ಅಚ್ಚಿನ ಮೇಲೆಯೇ ಸಮತೋಲವಾಗಿದೆ. (ಉತ್ತರ: ೪೦ ಸೆಂ.ಮೀ.)